ಎದುರುಗಾಳಿಯಲ್ಲಿ ‘ಬರ್ತೀನಿ’ ಅಂದದ್ದು

ದಾರದ ಗಂಟು ಬೆನ್ನಿಗೆ ಒತ್ತುತ್ತಿತ್ತು. ಕಾಕಾನ ಹೆಂಡತಿ ಚಿಗವ್ವ ಶೇಂಗಾ ಹೋಳಿಗೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಿಚ್ಚಿಹೋಗದ ಹಾಗೆ ದಾರ ಬಿಗಿದಿದ್ದಳು. ನಾನು ಹ್ಯಾಂಡಲ್ ಮೇಲೆ ಬಗ್ಗಿದಾಗಲೆಲ್ಲ ಆ ಗಂಟು ಸರಿಯಾಗಿ ಬೆನ್ನೆಲುಬಿನ ಮೇಲೆ ಬಂದು ಕೂರುತ್ತಿತ್ತು. ಸೈಕಲ್ ತುಳಿಯುವವರ ಅಂಗಿಗೆ ಜೇಬುಗಳಿರುವುದು ಬೆನ್ನಿಗೆ. ನನ್ನದರಲ್ಲಿ ಮೂರು. ನಡುವಿನದರಲ್ಲಿ ಹೋಳಿಗೆ, ಬಲಗಡೆ ನನ್ನ ಫೋನು ಮತ್ತು ಒಂದು ಟ್ಯೂಬು, ಎಡಗಡೆ ಕಾಕಾನ ಫೋನು.

ಕಾಕಾನ ಅಂಗಿಗೆ ಜೇಬೇ ಇರಲಿಲ್ಲ. ಕೊಪ್ಪಳದಲ್ಲಿ ಅವರದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಯಾವುದೋ ಕಂಪನಿಯವರು ಹಂಚಿದ ಹಳದಿ ಟೀ ಶರ್ಟನ್ನು ಅವರು ಆ ದಿನಕ್ಕೆಂದೇ ತೆಗೆದಿಟ್ಟಿದ್ದರು.

ಹಳದಿಗೆ ಕಾರಣವಿತ್ತು. ಪ್ರತಿ ಜುಲೈನಲ್ಲಿ ನಾವಿಬ್ಬರೂ ಯುರೋಪಿನ ಮೂರು ವಾರದ ಸೈಕಲ್ ರೇಸ್ ನೋಡುತ್ತೇವೆ. ದಿನಕ್ಕೊಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಾರೆ. ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನಿಗೆ ಹಳದಿ ಅಂಗಿ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ನೋಡಲು ಶುರುಮಾಡಿದ್ದೆ. ಕೊಪ್ಪಳದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ಮೊದಲು ಕೊಂಡದ್ದು ಸೈಕಲ್. ಅಲ್ಲಿಯವರು ಆಲ್ಪ್ಸ್ ಏರಿದ್ದನ್ನು ಸಂಜೆ ನೋಡಿ, ಭಾನುವಾರ ನಾನು ಹೇಮಗುಡ್ಡದ ಏರಿನಲ್ಲೋ ಸಾಣಾಪುರದ ಕೆರೆಯ ತಿರುವುಗಳಲ್ಲೋ ಏದುಸಿರು ಬಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಕಾಕಾ ಸೇರಿಕೊಂಡದ್ದು ಡಾಕ್ಟರು ಅವರ ಸಕ್ಕರೆ ಕಾಯಿಲೆಗೆ ಮೈ ಬೆವರಬೇಕು ಎಂದು ಹೇಳಿದ ಮೇಲೆ. ನಮ್ಮ ಮನೆಗಳು ಒಂದೇ ಗೋಡೆಗೆ ಹೊಂದಿಕೊಂಡಿವೆ. ನನ್ನ ಸೈಕಲ್ ಹೊರಗೆ ಬರುವ ಸಪ್ಪಳಕ್ಕೆ ಅವರೂ ಬಾಗಿಲು ತೆರೆಯತೊಡಗಿದರು.

ರೇಸನ್ನು ಅವರು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಒಂದು ತಂಡದ ಏಳೆಂಟು ಜನ ತಮ್ಮ ನಾಯಕನಿಗೆ ಗಾಳಿ ತಾಗದಂತೆ ಮುಂದೆ ನಿಂತು ತುಳಿಯುತ್ತಾರೆ, ಹಿಂದೆ ಬರುವ ತಂಡದ ಕಾರಿನಿಂದ ನೀರು, ತಿನಿಸು ತಂದುಕೊಡುತ್ತಾರೆ, ದಣಿದು ಹಿಂದೆ ಬೀಳುತ್ತಾರೆ. ಗೆಲ್ಲುವವನು ಮಾತ್ರ ಒಬ್ಬ.

“ಇದು ಎಲೆಕ್ಷನ್ ಇದ್ದಂಗ ಐತಲ್ಲವಾ,” ಎಂದಿದ್ದರು ಮೊದಲ ಸಲ ನೋಡಿದಾಗ. “ಬೆವರು ಇವರದು, ಹಾರ ಅವಂದು.”

ನೀರು ತಂದುಕೊಡುವ ಸವಾರನಿಗೆ ಅವರಿಟ್ಟ ಹೆಸರು ನೀರಗಂಟಿ, ಗದ್ದೆಗಳಿಗೆ ಪಾಳಿಯ ಮೇಲೆ ನೀರು ಹಾಯಿಸುವವನ ಹೆಸರು. ನಮ್ಮಿಬ್ಬರ ಸವಾರಿಯಲ್ಲಿ ನೀರಗಂಟಿ ನಾನು. ಬೆನ್ನಿಗೆ ಜೇಬಿದ್ದದ್ದು ನನಗೇ.

ಆ ಶನಿವಾರ ನಾವು ಕುಷ್ಟಗಿಯಲ್ಲಿ, ಚಿಗವ್ವನ ತವರುಮನೆಯಲ್ಲಿದ್ದೆವು. ಸೈಕಲ್‌ಗಳನ್ನು ಚಿಗವ್ವನ ಅಣ್ಣನ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದೆವು. ಮರುದಿನ ಮುಂಜಾನೆ ಕುಷ್ಟಗಿಯಿಂದ ಯಲಬುರ್ಗಾ, ಅಲ್ಲಿಂದ ಕೊಪ್ಪಳ, ಹೀಗೆ ಮನೆ ಸೇರುವುದು ನಮ್ಮ ‘ಸ್ಟೇಜು’. ಸಂಜೆ ಪಡಸಾಲೆಯ ಟಿವಿಯಲ್ಲಿ ರೇಸ್ ಹಾಕಿದೆ. ಅವತ್ತು ಅಲ್ಲಿ ಬಯಲು ಸೀಮೆಯ ದಾರಿ, ಅಡ್ಡಗಾಳಿ. ಗಾಳಿ ಬಲಗಡೆಯಿಂದ ಹೊಡೆದರೆ ಹಿಂದಿನವನು ಮುಂದಿನವನ ಎಡಮಗ್ಗುಲಿಗೆ ಸರಿಯಬೇಕು, ಅವನ ಹಿಂದಿನವನು ಇನ್ನಷ್ಟು ಎಡಕ್ಕೆ. ಹಾಗೆ ರಸ್ತೆಯ ಅಗಲಕ್ಕೂ ಓರೆಯಾದ ಸಾಲುಗಳಾದವು.

“ಬೆಳ್ಳಕ್ಕಿ ಸಾಲು,” ಎಂದರು ಕಾಕಾ.

ರಸ್ತೆಯ ಅಂಚು ಬಂದಲ್ಲಿ ಸಾಲೂ ಮುಗಿಯುತ್ತದೆ. ಅಲ್ಲಿ ಜಾಗ ಸಿಗದವನೊಬ್ಬ ಗಾಳಿಗೆ ಸಿಕ್ಕು ಕಳಚಿಕೊಂಡ. ಹಳದಿ ಅಂಗಿಯವನ ತಂಡದವನೇ, ಅರ್ಧ ದಾರಿಯವರೆಗೂ ನಾಯಕನಿಗೆ ನೀರು ತಂದಿದ್ದವನು. ಪರದೆಯ ಮೂಲೆಯಲ್ಲಿ ಅಂತರದ ಅಂಕಿ ಬೆಳೆಯತೊಡಗಿತು.

“ಅವಂಗ ಯಾರೂ ಕಾಯಂಗಿಲ್ಲೇನು?”

“ಗಾಳ್ಯಾಗ ಯಾರೂ ಯಾರಿಗೂ ಕಾಯಂಗಿಲ್ರಿ ಕಾಕಾ. ಕಾದ್ರ ಇಬ್ಬರೂ ಹೋದಂಗ.”

ರೊಟ್ಟಿ ಬಡಿಯುತ್ತಿದ್ದ ಚಿಗವ್ವ ಒಳಗಿನಿಂದಲೇ, “ಎಂಥಾ ಆಟೋ ಏನೋ. ನೀರು ಕೊಟ್ಟವನ್ನ ಬಿಟ್ಟು ಹೋಗ್ತಾರಂತ,” ಎಂದಳು.

“ನಿನಗ ತಿಳಿಯಂಗಿಲ್ಲ ಬಿಡು. ಅದಕ್ಕ ರೂಲ್ಸ್ ಅದಾವ,” ಎಂದರು ಕಾಕಾ. ನಾನು ಆಗ ಟಿವಿಯನ್ನೇ ನೋಡುತ್ತಿದ್ದೆ. ಯಾರೂ ಕಾಯುವುದಿಲ್ಲ ಎಂದ ನನ್ನ ಮಾತು ಅವರ ತಲೆಯಲ್ಲಿ ಹೇಗೆ ಕೂತಿತೆಂಬುದು ನನಗೆ ಕಾಣಲಿಲ್ಲ.

ಮುಂಜಾನೆ ಕಾಕಾ ಎಂದಿನಂತೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡರು. ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ದಣಿದರೆ ಇನ್ನೂ ಬೇಗ ಇಳಿಯುತ್ತದೆ. ಚಿಗವ್ವ ತಟ್ಟೆ ತುಂಬ ಉಪ್ಪಿಟ್ಟು ಹಾಕಿದಳು. ಅವರು ಅರ್ಧ ತಿಂದು ತಟ್ಟೆ ಸರಿಸಿದರು.

“ಪೂರಾ ತಿನ್ರಿ.”

“ಹೊಟ್ಟಿ ಭಾರಾದ್ರ ಗಾಳ್ಯಾಗ ಹೆಂಗ ತುಳೀಲಿ?”

“ಮನ್ಯಾಗ ಹಳದಿ ಅಂಗಿ ಹಾಕ್ಕೊಂಡು ಕುಂದರ್ರಿ ಹಂಗಾರ. ಯಾರು ಬ್ಯಾಡ ಅಂದಾರ?”

ಆಮೇಲೆ ಅವಳು ಹೋಳಿಗೆಯ ಗಂಟು ತಂದು ನನ್ನ ಕೈಗೆ ಕೊಟ್ಟಳು. ಅವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, “ಅಲ್ಲೆಲ್ಲೆ ನಿಲ್ಲಿಸಿ ತಿನಸು. ಅವರ ಬಾಯಿಲೆ ಕೇಳಂಗಿಲ್ಲ. ನಿನ್ನ ನಂಬಿ ಬಿಡಾಕತ್ತೀನಿ,” ಎಂದಳು.

ಕುಷ್ಟಗಿ ದಾಟಿದ ಮೇಲೆ ಗಾಳಿ ಸಿಕ್ಕಿತು. ಆಷಾಢದ ಪಡುವಣ ಗಾಳಿ ಆ ಬಯಲಿನಲ್ಲಿ ಎಲ್ಲೂ ತಡೆಯಿಲ್ಲದೆ ಬರುತ್ತದೆ. ಅಲ್ಲಿನ ಗಾಳಿಯಂತ್ರಗಳನ್ನು ಎಲ್ಲರೂ ‘ಫ್ಯಾನು’ ಎನ್ನುತ್ತಾರೆ. ಫ್ಯಾನುಗಳು ಗಾಳಿಗೆ ಮುಖ ಕೊಟ್ಟು ನಿಂತಿರುತ್ತವೆ. ನಾವು ಗಾಳಿಗೆ ಎದುರಾಗಿ ಹೋಗುತ್ತಿದ್ದೆವು, ಆದ್ದರಿಂದ ನಮಗೆ ಕಂಡದ್ದೆಲ್ಲ ಅವುಗಳ ಬೆನ್ನು. ರಸ್ತೆ ತುಸು ತಿರುಗಿದಲ್ಲಿ ಗಾಳಿ ಬಲಗಿವಿಗೆ ಬಂತು. ಕಾಕಾ ಹಿಂದಿನ ಸಂಜೆ ನೋಡಿದ್ದಂತೆಯೇ ನನ್ನ ಹಿಂದೆ, ಎಡಮಗ್ಗುಲಿಗೆ ಸರಿದರು.

“ಹಿಂಗೇನು?”

“ಹಂಗ ರೀ. ಇನ್ನೂ ಸ್ವಲ್ಪ ಎಡಕ್ಕ.”

“ಇನ್ನೂ ಎಡಕ್ಕಂದ್ರ ಹೊಲಕ್ಕ ಹೋಗ್ತೀನವಾ.”

ಅವರು ನಕ್ಕದ್ದು ಕೇಳಿಸಿತು. ಬಿಸಿಲು ನಮ್ಮ ಬೆನ್ನಿಗಿತ್ತು. ನಮ್ಮ ನೆರಳುಗಳು ನಮಗಿಂತ ಮುಂದೆ ರಸ್ತೆಯ ಮೇಲೆ ಹೋಗುತ್ತಿದ್ದವು. ಒಂದು ನನ್ನದು, ಅದರ ಎಡಕ್ಕೆ ಅರ್ಧ ಅಂಟಿಕೊಂಡಂತೆ ಅವರದು. ಹಾಗಾಗಿ ತಿರುಗಿ ನೋಡುವ ಅಗತ್ಯವಿರಲಿಲ್ಲ. ಅಂಥ ಗಾಳಿಯಲ್ಲಿ ತಿರುಗಿದರೆ ಹ್ಯಾಂಡಲ್ ಎಳೆಯುತ್ತದೆ.

ಒಂದು ಬಸ್ ನಿಲ್ದಾಣದ ಮರೆಯಲ್ಲಿ ನಿಂತು ಒಂದು ಹೋಳಿಗೆ ತಿನ್ನಿಸಿದೆ. ಗಂಟು ಬಿಚ್ಚಲು ಹಲ್ಲು ಬೇಕಾಯಿತು. ಉಳಿದದ್ದನ್ನು ಮತ್ತೆ ಗಂಟು ಬಿಗಿದು ಹೊರಟೆವು. ಇನ್ನೊಂದನ್ನು ಕೇಳಿದಾಗ ಅವರು, “ಮುಂದ ತಿನ್ನೂಣು,” ಎಂದರು. ಆಗಲೇ ಮಾತು ಕಡಿಮೆಯಾಗಿತ್ತು. ಎದುರುಗಾಳಿಯಲ್ಲಿ ಮಾತಾಡಲು ಉಸಿರು ಸಾಲುವುದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ಎಡಕ್ಕೆ ಒಂದು ಹಳ್ಳಿಯ ದಾರಿ ಒಡೆಯುವ ಜಾಗವಿತ್ತು. ಅಲ್ಲಿ ಹಿಂದಿನಿಂದ ಅವರ ದನಿ ಬಂತು.

“ನೀ ನಡಿಯವಾ. ನಾ ಬರ್ತೀನಿ.”

“ಹೂಂ ರೀ,” ಎಂದೆ, ಮತ್ತು ಪೆಡಲ್ ಒತ್ತಿದೆ.

ಮೋಡ ಬಂತು. ನೆರಳುಗಳು ಹೋದವು. ನಾನು ಹಿಂದಿನವರಿಗೆ ಸುಲಭವಾಗಲೆಂದು ಒಂದೇ ಹದದಲ್ಲಿ, ಎಳೆತವಿಲ್ಲದೆ ತುಳಿಯುತ್ತಿದ್ದೆ. ಗಾಳಿ ಬಲಗಿವಿಯಲ್ಲಿ ಒಂದೇ ಸಮ ಮೊರೆಯುತ್ತಿತ್ತು. ನಡುವೆ ಒಂದು ಸಣ್ಣ ಏರು ಬಂತು. “ಏರು ಐತ್ರಿ ಕಾಕಾ,” ಎಂದು ಹೇಳಿ, ಗೇರು ಇಳಿಸಿ, ಏರಿದೆ. ಅವರ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಏರಿನ ಆಚೆ ಮೋಡ ಸರಿದು ಬಿಸಿಲು ಬಿತ್ತು.

ರಸ್ತೆಯ ಮೇಲೆ ಒಂದೇ ನೆರಳಿತ್ತು.

ನಿಂತೆ. ಕಾಲೂರಿ ತಿರುಗಿ ನೋಡಿದೆ. ಏರು ಅಡ್ಡ ಬಂದದ್ದರಿಂದ ಆಚೆಯ ದಾರಿ ಕಾಣಿಸಲಿಲ್ಲ. ಇನ್ನೇನು ಹಳದಿ ಅಂಗಿ ಏರಿನ ಮೇಲೆ ಮೂಡುತ್ತದೆ ಅಂದುಕೊಂಡು ಕಾದೆ. ಒಂದು ಟ್ರ್ಯಾಕ್ಟರ್ ಮೂಡಿತು. ಅದರ ಹಿಂದೆ ಒಂದು ಬೈಕು. ಆಮೇಲೆ ಏನೂ ಇಲ್ಲ. ಆಗ ನನ್ನ ಬೆನ್ನಿನಲ್ಲಿ ಫೋನು ಹೊಡೆದುಕೊಂಡಿತು, ಎಡಜೇಬಿನಲ್ಲಿ.

“ಎಲ್ಲಿ ಬಂದ್ರಿ?” ಚಿಗವ್ವ.

“ನಾ ರೀ ಚಿಗವ್ವ.”

“ನೀ ಯಾಕ ಎತ್ತಿದಿ? ಅವರೆಲ್ಲೆ?”

“ಹಿಂದ ಬರಾಕತ್ತಾರ.”

“ಹೋಳಿಗಿ?”

“ಒಂದು ತಿಂದಾರ.”

“ಅವರಿಗೆ ಫೋನ್ ಕೊಡು.”

ನಾನು ಮತ್ತೆ ಏರಿನ ಕಡೆ ನೋಡಿದೆ. ರೇಸಿನಲ್ಲಾದರೆ ಪರದೆಯ ಮೂಲೆಯಲ್ಲಿ ಯಾರು ಎಷ್ಟು ಹಿಂದಿದ್ದಾರೆ ಎಂದು ಬರೆದು ಬರುತ್ತದೆ. ಹಿಂದೆ ಬಿದ್ದವನ ಜೊತೆಗೂ ಒಂದು ಮೋಟಾರ್ ಸೈಕಲ್ ಇರುತ್ತದೆ, ಕ್ಯಾಮೆರಾ ಇರುತ್ತದೆ. ಇಲ್ಲಿ ಒಂದು ಖಾಲಿ ಏರು ಇತ್ತು. ಅವರ ಫೋನು, ಅವರ ತಿನಿಸು, ಎರಡೂ ನನ್ನ ಬೆನ್ನ ಮೇಲಿದ್ದವು.

“ಕಾಣವಲ್ರು ಚಿಗವ್ವ. ನಾ ಹಿಂದಕ್ಕ ಹೊಂಟೀನಿ.”

“ಅಣ್ಣನ ಗಾಡಿ ತಗೊಂಡು ಬಂದೆ ನಾ,” ಎಂದಳು. ಕಟ್ ಮಾಡುವ ಮೊದಲು ಅವಳು ಅಣ್ಣನನ್ನು ಕೂಗಿದ್ದು ಕೇಳಿಸಿತು.

ಸೈಕಲ್ ತಿರುಗಿಸಿದ ಕೂಡಲೇ ಗಾಳಿಯ ಸದ್ದು ನಿಂತುಹೋಯಿತು. ಬೆನ್ನಿಗೆ ಗಾಳಿ ಇದ್ದಾಗ ಹಾಗೆ, ಏನೂ ಕೇಳಿಸುವುದಿಲ್ಲ. ಬರುವಾಗ ಅಷ್ಟು ಹೊತ್ತು ಹಿಡಿದ ದಾರಿ ಈಗ ಕಾಲಡಿ ಹರಿದುಹೋಗುತ್ತಿತ್ತು. ಅಷ್ಟು ಜೋರಾಗಿ ನಾನು ಆ ಮೊದಲು ಯಾವತ್ತೂ ಹೋಗಿರಲಿಲ್ಲ, ಬ್ರೇಕ್ ಮುಟ್ಟಲು ಮನಸ್ಸಾಗಲಿಲ್ಲ. ಫ್ಯಾನುಗಳು ಈಗ ಮುಖ ತೋರಿಸುತ್ತಿದ್ದವು. ಎರಡೂ ಬದಿಯ ಹೊಲಗಳಲ್ಲಿ ಹಳದಿ ಬಣ್ಣ ಹುಡುಕುತ್ತ ಬಂದೆ. ಒಂದು ಕಡೆ ಗೊಬ್ಬರದ ಖಾಲಿ ಚೀಲವೊಂದು ಮುಳ್ಳುಬೇಲಿಗೆ ಸಿಕ್ಕಿಕೊಂಡು ಬಡಿದಾಡುತ್ತಿತ್ತು. ಅದೂ ಹಳದಿ. ಅದರ ಹತ್ತಿರ ಇಳಿದು ನೋಡಿ, ಮತ್ತೆ ಹತ್ತಿದೆ.

ದಾರಿ ಒಡೆಯುವ ಜಾಗದಲ್ಲಿ ಯಾರೂ ಇರಲಿಲ್ಲ. ಪಕ್ಕದ ಹೆಸರುಕಾಳಿನ ಹೊಲದಲ್ಲಿ ಹೆಂಗಸರು ಕಸ ತೆಗೆಯುತ್ತಿದ್ದರು.

“ಯಕ್ಕಾರ, ಹಳದಿ ಅಂಗಿಯವರು, ಸೈಕಲ್ ಮ್ಯಾಲೆ, ನೋಡೀರೇನ್ರಿ?”

“ಹಳದಿ ಅಂಗಿ?” ಒಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತಳು. “ಮದಿಮಗ ಓಡಿ ಹೋಗ್ಯಾನೇನ ತಂಗಿ?”

ಉಳಿದವರು ನಕ್ಕರು. ನನ್ನ ಮುಖ ನೋಡಿ ಒಬ್ಬಳು ನಗು ನಿಲ್ಲಿಸಿದಳು.

“ಹಿರ್ಯಾರು ಹೌದಿಲ್ಲ? ಸೈಕಲ್ ನೂಕ್ಕೊಂತ ಹೋದ್ರು ಈ ದಾರಿ ಹಿಡದು. ಆಕಡಿ ಈಕಡಿ ವಾಲಾಡಕತ್ತಿದ್ರು. ಮುಂಜಾನಿಂದನ ಹಾಕ್ಯಾರಲ್ಲ ಅಂತ ನಾವು ಮಾತಾಡಿಕೊಂಡ್ವಿ.”

“ಅವರು ಕುಡಿಯಂಗಿಲ್ಲ. ಶುಗರ್ ಐತ್ರಿ ಅವರಿಗೆ.”

ಅವಳು ಕಸ ತೆಗೆಯುವ ಕುರುಪಿಯನ್ನು ಕೆಳಗೆ ಹಾಕಿದಳು.

ಅವರು ಸಿಕ್ಕಿದ್ದು ಹಳ್ಳಿಯ ದಾರಿಯಲ್ಲಿ ಸ್ವಲ್ಪ ಒಳಗೆ, ಒಂದು ಬೇವಿನ ಮರದ ಕೆಳಗೆ. ಸೈಕಲ್ ಗಟಾರದಲ್ಲಿ ಬಿದ್ದಿತ್ತು. ಅವರು ಮರಕ್ಕೆ ಒರಗಿ, ಕಾಲು ಚಾಚಿ ಕೂತಿದ್ದರು. ಆ ಗಾಳಿಯಲ್ಲೂ ಮುಖದಿಂದ ಬೆವರು ಹನಿಯುತ್ತಿತ್ತು. ಹಳದಿ ಅಂಗಿ ಮೈಗಂಟಿತ್ತು. ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ. ಆಮೇಲೆ ಹಿಡಿದರೋ ಏನೋ, “ಅಂಗಡಿ ಬಾಗಿಲಾ ತಗದೀಯೇನು?” ಎಂದು ಕೇಳಿದರು.

ಗಂಟನ್ನು ಹಲ್ಲಿನಿಂದ ಹರಿದೆ. ಹೋಳಿಗೆ ಮುರಿದು ಬಾಯಿಗೆ ಹಿಡಿದೆ.

ಅವರು ಮುಖ ತಿರುಗಿಸಿದರು. “ಸಿಹಿ ಬ್ಯಾಡ. ನನಗ ಶುಗರ್ ಐತಿ.”

“ತಿನ್ರಿ ಕಾಕಾ.”

“ಡಾಕ್ಟರು ಬೈತಾರ.”

“ಬಾಯಿ ತಗಿ,” ಎಂದೆ. ಹಿರಿಯರಿಗೆ ಏಕವಚನ ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. “ತಗಿ. ಅಗಿ. ನುಂಗು.”

ಅವರ ಹಲ್ಲು ಕಚ್ಚಿಕೊಂಡಿತ್ತು. ಹೋಳಿಗೆಯ ಪುಡಿ ತುಟಿಯಿಂದ ಅಂಗಿಯ ಮೇಲೆ ಉದುರಿತು. ಅಷ್ಟರಲ್ಲಿ ಕುರುಪಿಯ ಹೆಂಗಸು ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ, ಹೊಲಕ್ಕೆಂದು ಮನೆಯಿಂದ ತಂದಿದ್ದ ಚಹಾ ತುಂಬಿದ ನೀರಿನ ಬಾಟಲಿ. “ಸಕ್ರಿ ಭಾಳ ಹಾಕೀನಿ,” ಎಂದು ನನ್ನ ಕೈಗೆ ಕೊಟ್ಟು, ತಾನು ಅವರ ತಲೆಯನ್ನು ನೇರ ಹಿಡಿದಳು. ಚಹಾ ತಣ್ಣಗಾಗಿತ್ತು. ಗುಟುಕು ಗುಟುಕಾಗಿ ಹಾಕಿದೆ. ಮೊದಲಿನದು ಗದ್ದದ ಮೇಲೆ ಹರಿಯಿತು. ಎರಡನೆಯದು ಒಳಗೆ ಹೋಯಿತು, ಗಂಟಲು ಆಡಿದ್ದು ಕಂಡೆ.

ಆಮೇಲೆ ಕಾಯುವುದಷ್ಟೇ ಇತ್ತು. ಅವರ ಕೈ ನನ್ನ ಕೈಯಲ್ಲಿ ಒಂದೇ ಸಮ ನಡುಗುತ್ತಿತ್ತು. ಆ ಹೆಂಗಸು ಸೆರಗಿನಿಂದ ಅವರ ಹಣೆ ಒರೆಸಿದಳು. ದೂರದಲ್ಲಿ ಫ್ಯಾನಿನ ರೆಕ್ಕೆ ಮೇಲೆ ಬಂದು, ಕೆಳಗೆ ಹೋಗಿ, ಮತ್ತೆ ಮೇಲೆ ಬರುವುದನ್ನು ನೋಡುತ್ತಿದ್ದೆ. ಮುಖ್ಯ ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಗೂ ಚಿಗವ್ವ ಬಂದಳೆಂದು ಅನ್ನಿಸುತ್ತಿತ್ತು. ಅವಳು ಬರುವುದರೊಳಗೆ ಅವರು ಒಂದು ಸರಿಯಾದ ಮಾತು ಆಡಬೇಕಿತ್ತು.

ನಡುಕ ಮೊದಲು ಬೆರಳುಗಳಲ್ಲಿ ನಿಂತಿತು. ಅವರು ಹೋಳಿಗೆಯ ಉಳಿದ ಚೂರನ್ನು ತಾವೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಆ ಹೆಂಗಸನ್ನು ನೋಡಿ, ಗಾಬರಿಯಾಗಿ ನೆಟ್ಟಗೆ ಕೂತರು. ಆಮೇಲೆ ನನ್ನನ್ನು ನೋಡಿದರು.

“ನೀ ಯಾಕ ಹೊಳ್ಳಿ ಬಂದಿ?”

“ನೀವು ಯಾಕ ನಿಂತ್ರಿ?”

“ಕಾಲಾಗ ಶಕ್ತಿ ಇದ್ದಿದ್ದಿಲ್ಲ. ಈ ಊರಾಗ ನಮ್ಮ ಗಿರಾಕಿ ಒಬ್ಬಾವ ಅದಾನ. ಅವನ ಮನ್ಯಾಗ ಕುಂತು, ಬಸ್ಸಿಗೆ ಹೋಗೋಣು ಅಂತ ಮಾಡಿದ್ದೆ. ಗಾಳ್ಯಾಗ ಯಾರೂ ಕಾಯಂಗಿಲ್ಲ ಅಂತ ನೀನ ಅಂದಿದ್ದಿ. ನಿಂದ್ಯಾಕ ಕೆಡಸ್ಲಿ?”

“ಹೇಳಬೇಕಿಲ್ಲೇನ್ರಿ?”

“ಹೇಳಿದ್ನಲ್ಲ. ಬರ್ತೀನಿ ಅಂದೆ.”

“ಬರ್ತೀನಿ ಅಂದ್ರ ನನ್ನ ಹಿಂದ ಬರಾಕತ್ತೀರಿ ಅನ್ಕೊಂಡೆ.”

ಅವರು ನನ್ನನ್ನು ನಿಜವಾದ ಆಶ್ಚರ್ಯದಿಂದ ನೋಡಿದರು. “ಮತ್ತೇನು ಹೋಗ್ತೀನಿ ಅನ್ಲಿ? ನಡುದಾರ್ಯಾಗ ನಿಂತು?”

ಚಹಾ ತಂದ ಹೆಂಗಸು, “ಹಂಗ ಅನಬಾರದು ಬಿಡ್ರಿ, ಮನಿ ಮಂದಿ ಇದ್ದೋರು,” ಎಂದಳು, ಅವರ ಪರವಾಗಿ. ನಮ್ಮಲ್ಲಿ ಯಾರೂ ಹೊರಡುವಾಗ ‘ಹೋಗ್ತೀನಿ’ ಎನ್ನುವುದಿಲ್ಲ. ಮತ್ತೆ ಬರುವುದಿಲ್ಲ ಎಂದಂತೆ ಅದು. ನಾನೂ ಅಂದವಳಲ್ಲ. ಹೊಸ್ತಿಲ ಮೇಲೆ ಆ ಮಾತು ಕೇಳಿದ್ದರೆ ನನಗೂ ತಿಳಿಯುತ್ತಿತ್ತು. ಗಾಳಿಯಲ್ಲಿ, ಸೈಕಲ್ ಮೇಲೆ, ಬೆನ್ನ ಹಿಂದಿನಿಂದ ಬಂದಾಗ ತಿಳಿಯಲಿಲ್ಲ.

ಹೊಲದ ಹೆಂಗಸರು ತೋರಿಸಿದ ದಾರಿ ಹಿಡಿದು ಗಾಡಿ ಬಂತು. ಚಿಗವ್ವ ಅದು ಪೂರ್ತಿ ನಿಲ್ಲುವ ಮೊದಲೇ ಇಳಿದಳು. ಅವರ ಮುಖ, ಕೈ, ಕುತ್ತಿಗೆ ಮುಟ್ಟಿ ನೋಡಿದಳು. ಅಂಗಿಯ ಮೇಲಿನ ಹೋಳಿಗೆಯ ಪುಡಿ ನೋಡಿದಳು. ಚಹಾ ತಂದ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಕಾಕಾನನ್ನು ಗಾಡಿಗೆ ಹತ್ತಿಸಿದಳು.

ಕೊಪ್ಪಳದ ಡಾಕ್ಟರು ಬೆರಳು ಚುಚ್ಚಿ ನೋಡಿ, ಈಗ ಪರವಾಗಿಲ್ಲ ಎಂದರು. “ಇನ್ನೊಂದು ಸ್ವಲ್ಪ ತಡಾ ಆಗಿದ್ರ,” ಎಂದು ಶುರುಮಾಡಿ, ಚಿಗವ್ವನ ಮುಖ ನೋಡಿ, ಔಷಧಿಯ ಅಳತೆ ಬದಲಿಸುವ ಮಾತಿಗೆ ಹೊರಳಿದರು.

ಸಂಜೆ ನಾನು ಅವರ ಮನೆಗೆ ಹೋದಾಗ ಟಿವಿ ಆಫ್ ಆಗಿತ್ತು. ಕಾಕಾ ಮಂಚದ ಮೇಲೆ ಮಲಗಿದ್ದರು.

“ಹಚ್ಚವಾ. ಇವತ್ತು ಗುಡ್ಡ ಅಲ್ಲೇನು?”

ಚಿಗವ್ವನ ಕಡೆ ನೋಡಿದೆ. ಅವಳು ಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಹಚ್ಚಿದೆ, ದನಿ ಸಣ್ಣ ಮಾಡಿದೆ. ಹಿಂದಿನ ದಿನ ಗಾಳಿಯಲ್ಲಿ ಕಳಚಿಕೊಂಡಿದ್ದವನು ಇವತ್ತೂ ಹಿಂದೆ ಬಿದ್ದಿದ್ದ. ಏರಿನ ನಡುವೆ ಒಂದು ಕಡೆ ಕಾಲೂರಿದ. ತಂಡದ ಕಾರು ಬಂದು ನಿಂತಿತು. ಯಾರೋ ಬಾಗಿಲು ತೆರೆದರು. ಅವನು ಎದೆಗೆ ಕಟ್ಟಿದ ರೇಡಿಯೋದಲ್ಲಿ ಏನೋ ಹೇಳಿ, ಅದನ್ನು ಕಿತ್ತು, ಒಳಗೆ ಕೂತ. ರೇಸ್ ಬಿಟ್ಟ ಎಂದು ಪರದೆಯ ಕೆಳಗೆ ಒಂದು ಸಾಲು ಬಂತು.

“ಏನಂದ ಅಂವ?” ಕಾಕಾ ಕೇಳಿದರು.

“ಕೇಳಿಸ್ಲಿಲ್ರಿ.”

“ಬರ್ತೀನಿ ಅಂದಿರಬೇಕು.”

ನಗಬೇಕೆಂದು ಹೇಳಿದ್ದರು. ಚಿಗವ್ವ ಮೊರ ಕೆಳಗಿಟ್ಟಳು. “ನಿಮಗ ನಗಿ ಬರ್ತೈತಿ,” ಎಂದಳು. “ನಾ ಗಾಡ್ಯಾಗ ಕುಂತು ಏನೇನು ನೆನಸಿನಿ ನನಗ ಗೊತ್ತು. ಇನ್ನ ಆ ಹಳದಿ ಅಂಗಿ ನನ್ನ ಕಣ್ಣಿಗೆ ಬೀಳಬಾರದು.” ಅದು ಅವರಿಗೆ ಹೇಳಿದ್ದು. ಆದರೆ ನೋಡಿದ್ದು ನನ್ನ ಕಡೆ. ನಾನು ಟಿವಿ ಆರಿಸಿ ಎದ್ದೆ. ಬಾಗಿಲಲ್ಲಿ ಎಂದಿನಂತೆ ‘ಬರ್ತೀನಿ’ ಅನ್ನಬೇಕಿತ್ತು. ತುಟಿಯವರೆಗೆ ಬಂದು ನಿಂತಿತು. ಏನೂ ಹೇಳದೆ ಮನೆಗೆ ಬಂದೆ.

ಮರುದಿನ ಮುಂಜಾನೆ ನಾನು ಸೈಕಲ್ ಹೊರಗೆ ತೆಗೆಯಲಿಲ್ಲ. ಕಾಲೇಜಿಗೆ ಹೋಗುವ ಮೊದಲು ಕಾಕಾನ ಮನೆಗೆ ಹೋದೆ. ಅವರಿನ್ನೂ ಮಲಗಿದ್ದರು. ಹಳದಿ ಅಂಗಿ ಒರೆಸುವ ಬಟ್ಟೆಗಳ ಜೊತೆ ಬಚ್ಚಲ ಬಾಗಿಲಲ್ಲಿ ಬಿದ್ದಿತ್ತು. ತೊಳೆದು, ಹಿಂಡಿ, ಪಡಸಾಲೆಯ ಫ್ಯಾನಿನ ಕೆಳಗೆ ಹರವಿ, ಹಸಿ ಆರುವವರೆಗೆ ಚಿಗವ್ವನ ಹೊಲಿಗೆ ಯಂತ್ರದ ಖಾನೆಯಲ್ಲಿ ಗಟ್ಟಿ ಬಟ್ಟೆ ಹುಡುಕಿದೆ. ಒಂದು ಹಳೆಯ ಕೈಚೀಲದ ತುಂಡು ಸಿಕ್ಕಿತು. ಅದನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಅಂಗಿಯ ಬೆನ್ನಿಗೆ, ಸೊಂಟದ ಹತ್ತಿರ ಇಟ್ಟು, ಮೂರು ಬದಿ ಹೊಲಿದೆ.

ಚಿಗವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು, ಯಂತ್ರದ ಸದ್ದಿತ್ತು. ದಾರ ಕತ್ತರಿಸಿ, ಜೇಬಿನೊಳಗೆ ಕೈ ಹಾಕಿ ಎಳೆದು ನೋಡಿದೆ.

“ಒಂದಾ?” ಎಂದಳು.

“ಹೋಳಿಗಿಗೆ.”

“ಫೋನು ಎಲ್ಲಿಡ್ತಾರ ಮತ್ತ?”

ಉಳಿದ ತುಂಡನ್ನು ಮಡಿಚಿ ಅಳತೆ ನೋಡಿದೆ. ಸಾಲುವಷ್ಟಿತ್ತು. ಅಂಗಿಯನ್ನು ತಿರುಗಿಸಿ ಮತ್ತೆ ಸೂಜಿಯ ಕೆಳಗಿಟ್ಟೆ.